ನಿವೇಶನ ಮೊದಲು, ಮನೆ ಆಮೇಲೆ

ಕರ್ನಾಟಕದ ವಸತಿ ಇಲಾಖೆಗೆ 2025 ಎರಡು ಸಂಸ್ಥೆಗಳ ವಾರ್ಷಿಕೋತ್ಸವದ ವರ್ಷ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮಕ್ಕೆ ಏಪ್ರಿಲ್ 20ಕ್ಕೆ 25 ವರ್ಷ ತುಂಬಿತು. ಕೊಳಗೇರಿ ಅಭಿವೃದ್ಧಿ ಮಂಡಳಿಗೆ ಜುಲೈನಲ್ಲಿ 50 ಆಯಿತು. ನಿಗಮದ ಕಚೇರಿ ಇರುವುದು ಬೆಂಗಳೂರಿನ ಕಾವೇರಿ ಭವನದಲ್ಲಿ, ಮಂಡಳಿಯದು ಶೇಷಾದ್ರಿಪುರದ ರಿಸಾಲ್ದಾರ್ ರಸ್ತೆಯಲ್ಲಿ. ಮನೆ ಪಡೆದ ಜನಕ್ಕೆ ಈ ಕಚೇರಿಗಳ ಪರಿಚಯ ಅಷ್ಟಾಗಿ ಇಲ್ಲ. ಅವರ ಬಾಯಲ್ಲಿ ಇರುವುದು ಜನತಾ ಮನೆ, ಆಶ್ರಯ ಮನೆ, ಬಸವ ವಸತಿ, ಬೋರ್ಡ್ ಮನೆ. ಜನತಾ ಕಾಲೊನಿಯೋ ಆಶ್ರಯ ಬಡಾವಣೆಯೋ ಇಲ್ಲದ ತಾಲ್ಲೂಕು ಕೇಂದ್ರ ರಾಜ್ಯದಲ್ಲಿ ಸಿಗುವುದು ಕಷ್ಟ. ಯಾರ ಸರ್ಕಾರದಲ್ಲಿ ಸೂರು ಬಂತು ಎಂಬುದನ್ನು ಊರುಗಳು ಬಡಾವಣೆಯ ಹೆಸರಲ್ಲೇ ನೆನಪಿಟ್ಟುಕೊಂಡಿವೆ.

ಇಂಥ ಸಂದರ್ಭದಲ್ಲಿ ಕಟ್ಟಿದ ಮನೆಗಳ ಸಂಖ್ಯೆ ಹೇಳುವುದು ವಾಡಿಕೆ. ಮಂಜೂರಾದದ್ದೆಷ್ಟು, ಪ್ರಗತಿಯಲ್ಲಿರುವುದೆಷ್ಟು, ಪೂರ್ಣಗೊಂಡದ್ದೆಷ್ಟು ಎಂಬುದೆಲ್ಲ ವಾರ್ಷಿಕ ವರದಿಗಳಲ್ಲಿದೆ. ಆ ಸಂಖ್ಯೆಗಳು ಉತ್ತರಿಸದ ಪ್ರಶ್ನೆಯೊಂದಿದೆ: ಮನೆ ನಿಲ್ಲಲು ನೆಲ ಎಲ್ಲಿಂದ ಬಂತು? ಗ್ರಾಮ ಪಂಚಾಯಿತಿಗಳಲ್ಲಿ ಎರಡು ಪಟ್ಟಿಗಳಿರುತ್ತವೆ. ಸ್ವಂತ ಜಾಗವಿದ್ದು ವಾಸಯೋಗ್ಯ ಮನೆಯಿಲ್ಲದವರು ವಸತಿರಹಿತರ ಪಟ್ಟಿಗೆ ಸೇರುತ್ತಾರೆ, ಜಾಗವೂ ಇಲ್ಲದವರು ನಿವೇಶನರಹಿತರ ಪಟ್ಟಿಗೆ. ಮೊದಲನೆಯದಕ್ಕೆ ಹಣ ಬಂದರೆ ಸಾಕು, ಕೆಲಸ ಸಾಗುತ್ತದೆ. ಎರಡನೆಯದಕ್ಕೆ ಹಣ ಬಂದರೂ ಅದನ್ನು ಸುರಿಯಲು ಜಾಗವಿರುವುದಿಲ್ಲ. ರಾಜ್ಯದ ವಸತಿ ಸಂಸ್ಥೆಗಳ ಚರಿತ್ರೆಯಲ್ಲಿ ಗೆಲುವು ಎಲ್ಲಿ, ಸೋಲು ಎಲ್ಲಿ ಎಂದು ಹುಡುಕುವವರು ಈ ಎರಡು ಪಟ್ಟಿಗಳಿಂದಲೇ ಶುರುಮಾಡಬೇಕು.

ಪ್ಲೇಗಿನಿಂದ ಹೌಸಿಂಗ್ ಬೋರ್ಡಿಗೆ

ಮೈಸೂರು ಸಂಸ್ಥಾನ ವಸತಿಯ ವಿಷಯಕ್ಕೆ ಕೈಹಾಕಿದ್ದು ರೋಗಕ್ಕೆ ಹೆದರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಗಾಳಿ ಬೆಳಕಿಲ್ಲದೆ ಬದುಕುವುದು ಎಷ್ಟು ಅಪಾಯವೆಂದು ಆಡಳಿತಕ್ಕೆ ಮನವರಿಕೆಯಾಯಿತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ರೂಪ ತಳೆದದ್ದು ಆ ಹೊತ್ತಿನಲ್ಲಿ. ಮುಂದೆ 1903ರಲ್ಲಿ ಮೈಸೂರಿಗೆ, 1945ರಲ್ಲಿ ಬೆಂಗಳೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್‌ಗಳು ಬಂದವು. ಜಮೀನು ಪಡೆದು, ರಸ್ತೆ ಚರಂಡಿ ಮಾಡಿ, ಸೈಟು ಕತ್ತರಿಸಿ ಹಂಚುವುದು ಇವುಗಳ ಕೆಲಸ. ಸೈಟಿಗೆ ಹಣ ಕಟ್ಟಬಲ್ಲವರಿಗೆ ಅದರಿಂದ ಅನುಕೂಲವಾಯಿತು. ಕಟ್ಟಲಾರದವರು ಪೇಟೆಯಲ್ಲೇ ಉಳಿದರು, ಇಲ್ಲವೆ ಹೊಸ ಬಡಾವಣೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡರು.

ಗಿರಣಿ ಮತ್ತು ಕಾರ್ಖಾನೆಗಳು ಬೆಳೆದ ಮೇಲೆ ಕಾರ್ಮಿಕರ ವಾಸದ ಪ್ರಶ್ನೆ ಎದ್ದಿತು. 1949ರಲ್ಲಿ ಮೈಸೂರು ಸರ್ಕಾರ ಕಾರ್ಮಿಕ ವಸತಿ ಕಾಯ್ದೆ ತಂದಿತು. 1952ರಲ್ಲಿ ಕೇಂದ್ರ ಸರ್ಕಾರ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆ ಆರಂಭಿಸಿತು. 1956ರಲ್ಲಿ ಮೈಸೂರು ಹೌಸಿಂಗ್ ಬೋರ್ಡ್ ಹುಟ್ಟಿತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ 1962ರಲ್ಲಿ ಹೊಸ ಕಾಯ್ದೆಯಾಗಿ, ಇಂದಿನ ಕರ್ನಾಟಕ ಗೃಹ ಮಂಡಳಿಗೆ ಬುನಾದಿ ಬಿತ್ತು. 1970ರಲ್ಲಿ ದೆಹಲಿಯಲ್ಲಿ ವಸತಿಗೆ ಸಾಲ ನೀಡುವ ಕೇಂದ್ರದ ಸಂಸ್ಥೆ ಹುಡ್ಕೋ ಸ್ಥಾಪನೆಯಾದ ಮೇಲೆ ಇಂಥ ಮಂಡಳಿಗಳಿಗೆ ದೀರ್ಘಾವಧಿ ಸಾಲ ಸಿಗುವ ದಾರಿಯೂ ತೆರೆಯಿತು.

ಗೃಹ ಮಂಡಳಿ ಕಟ್ಟಿದ ಯಲಹಂಕ ಉಪನಗರ, ಮೈಸೂರಿನ ಹೂಟಗಳ್ಳಿ, ಆನೇಕಲ್ ಬಳಿಯ ಸೂರ್ಯನಗರ ಸಾವಿರಾರು ಕುಟುಂಬಗಳಿಗೆ ನೆಲೆ ಕೊಟ್ಟವು. ಗುಮಾಸ್ತರು, ಶಿಕ್ಷಕರು, ಕಾರ್ಖಾನೆಯ ನೌಕರರು ಕಂತು ಕಟ್ಟಿ ಮನೆಯೊಡೆಯರಾದರು. ಆರ್ಥಿಕವಾಗಿ ಹಿಂದುಳಿದವರಿಗೂ ಮಂಡಳಿಯಲ್ಲಿ ಒಂದು ವರ್ಗವಿತ್ತು, ಚಿಕ್ಕ ಮನೆಗಳೂ ಇದ್ದವು. ಆದರೆ ಇಡೀ ಏರ್ಪಾಡು ನಿಂತಿದ್ದು ಮುಂಗಡ ಠೇವಣಿ ಮತ್ತು ಮಾಸಿಕ ಕಂತಿನ ಮೇಲೆ. ಸಂಬಳದ ಚೀಟಿ ಇದ್ದವರಿಗೆ ಅದು ಒಗ್ಗಿತು. ವಾರದ ಬಟವಾಡೆಯ ಕೂಲಿಯವರಿಗೆ, ಸುಗ್ಗಿಯಲ್ಲಷ್ಟೇ ದುಡಿಮೆ ಕಾಣುವ ಕೃಷಿ ಕಾರ್ಮಿಕರಿಗೆ ಒಗ್ಗಲಿಲ್ಲ.

ಅರಸು ಕಾಲದ ನಿವೇಶನ

ಭೂಹೀನರಿಗೆ ಉಚಿತವಾಗಿ ನಿವೇಶನ ಕೊಡಬೇಕೆಂಬ ವಿಚಾರ ಸರ್ಕಾರಿ ಕಾರ್ಯಕ್ರಮವಾದದ್ದು ಎಪ್ಪತ್ತರ ದಶಕದಲ್ಲಿ. ಗ್ರಾಮೀಣ ಭೂರಹಿತ ಕಾರ್ಮಿಕರಿಗೆ ನಿವೇಶನ ಕೊಡುವ ಯೋಜನೆಯನ್ನು 1971ರಲ್ಲಿ ಕೇಂದ್ರ ಆರಂಭಿಸಿತು. 1974ರಲ್ಲಿ ಅದು ರಾಜ್ಯಗಳ ಕೈಗೆ ಬಂತು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಅದನ್ನು ತಮ್ಮ ಒಟ್ಟು ರಾಜಕಾರಣದ ಭಾಗವಾಗಿಸಿಕೊಂಡರು. ಊರ ಹೊರಗಿನ ಸರ್ಕಾರಿ ಜಾಗದಲ್ಲಿ ಸಾಲುಸಾಲು ನಿವೇಶನ ಗುರುತಿಸಿ, ಅಲ್ಲಿ ಒಂದೇ ಅಳತೆಯ ಪುಟ್ಟ ಮನೆಗಳನ್ನು ಎಬ್ಬಿಸಿದ ಜನತಾ ವಸತಿ ಯೋಜನೆಯ ಗುರುತು ಇಂದಿಗೂ ಹಳ್ಳಿಗಳಲ್ಲಿ ಉಳಿದಿದೆ.

ಜನತಾ ಮನೆಗಿಂತ ಆಳವಾದ ಬದಲಾವಣೆ ಇನ್ನೊಂದು ಕಾಯ್ದೆಯಲ್ಲಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ ಎಂದರೆ ನಮಗೆ ಉಳುವವನೇ ಹೊಲದೊಡೆಯ ಎಂಬುದಷ್ಟೇ ನೆನಪಾಗುತ್ತದೆ. ಅದೇ ಕಾಯ್ದೆಯ 38ನೇ ಕಲಂ ಕೃಷಿ ಕಾರ್ಮಿಕರ ವಾಸದ ಮನೆಗೆ ಸಂಬಂಧಿಸಿದ್ದು. ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಗೆ ಆ ಮನೆ ಮತ್ತು ಅದರ ಅಡಿಯ ಜಾಗದ ಒಡೆತನ ಕೇಳುವ ಹಕ್ಕನ್ನು ಅದು ಕೊಟ್ಟಿತು. ಜಮೀನ್ದಾರನ ಹಿತ್ತಲಲ್ಲಿ ವಾಸಿಸುವವನು ಕೂಲಿ ಕಡಿಮೆಯಾಯಿತೆಂದು ತಕರಾರು ತೆಗೆಯಲಾರ, ತಕರಾರು ತೆಗೆದರೆ ಸಂಜೆಯೊಳಗೆ ಬಿಡಾರ ಕೀಳಬೇಕು. ವಾಸದ ನೆಲ ಯಾರದೆಂಬುದಕ್ಕೂ ದುಡಿಮೆಯ ಬೆಲೆಗೂ ಇರುವ ನಂಟನ್ನು ಗುರುತಿಸಿದ ಕಲಂ ಇದು. ಇದು ವಸತಿ ಯೋಜನೆಯ ಲೆಕ್ಕಕ್ಕೆ ಸೇರದ ಕಾರಣ ವಸತಿ ಸಂಸ್ಥೆಗಳ ಚರಿತ್ರೆಯಲ್ಲಿ ಇದರ ಪ್ರಸ್ತಾಪ ಬರುವುದೇ ಇಲ್ಲ.

ನಗರದ ಕಡೆ 1973ರ ಕೊಳಗೇರಿ ಪ್ರದೇಶಗಳ ಕಾಯ್ದೆ ಬಂತು. ಅದರಡಿ 1975ರ ಜುಲೈನಲ್ಲಿ ಕೊಳಚೆ ನಿರ್ಮೂಲನಾ ಮಂಡಳಿ ಕೆಲಸ ಆರಂಭಿಸಿತು. ಒಂದು ಪ್ರದೇಶವನ್ನು ಕೊಳಗೇರಿ ಎಂದು 3ನೇ ಕಲಂ ಅಡಿ ಘೋಷಿಸಿದರೆ ಅಲ್ಲಿಗೆ ನೀರು, ಶೌಚಾಲಯ, ದೀಪ ಒದಗಿಸುವ ಹೊಣೆ ಮಂಡಳಿಯದು. ಹೊರಗಿನವರಿಗೆ ಅವಮಾನದಂತೆ ಕಾಣುವ ಈ ಘೋಷಣೆಗಾಗಿ ನಿವಾಸಿಗಳು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ್ದಾರೆ. ಘೋಷಣೆಯಾದರೆ ಬುಲ್ಡೋಜರ್ ಬಂದಾಗ ತೋರಿಸಲು ಒಂದು ಕಾಗದ ಸಿಕ್ಕಂತೆ.

ಆಶ್ರಯದ ವರ್ಷಗಳು

ರಾಜ್ಯದ ವಸತಿ ಕೆಲಸ ಊರೂರಿಗೂ ಮುಟ್ಟಿದ್ದು 1991–92ರಲ್ಲಿ ಬಂದ ಆಶ್ರಯ ಯೋಜನೆಯಿಂದ. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ಬಂಗಾರಪ್ಪ. ಅದಕ್ಕೂ ಮೊದಲು 1985–86ರಲ್ಲಿ ಕೇಂದ್ರದ ಇಂದಿರಾ ಆವಾಸ್ ಯೋಜನೆ ಆರಂಭವಾಗಿತ್ತಾದರೂ ಅದು ಉದ್ಯೋಗ ಕಾರ್ಯಕ್ರಮದ ಒಂದು ಉಪಯೋಜನೆಯಾಗಿತ್ತು. 1996ರ ಜನವರಿಯಲ್ಲಷ್ಟೇ ಸ್ವತಂತ್ರ ಯೋಜನೆಯಾಯಿತು. ಆಶ್ರಯದಲ್ಲಿ ನಿವೇಶನ ಹಂಚಿಕೆ ಮತ್ತು ಮನೆ ನಿರ್ಮಾಣ ಒಂದೇ ಹೆಸರಿನಡಿ ನಡೆದವು. ಫಲಾನುಭವಿಗಳ ಆಯ್ಕೆಗೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗಳು ಬಂದವು. ಊರಿನ ರಾಜಕಾರಣವೂ ಈ ಸಮಿತಿಗಳ ಬಾಗಿಲಲ್ಲೇ ಠಿಕಾಣಿ ಹೂಡಿತು.

2000ದ ದಶಕದ ಆರಂಭದಲ್ಲಿ ಗ್ರಾಮೀಣ ಆಶ್ರಯ ಮನೆಯೊಂದಕ್ಕೆ ಗೊತ್ತುಮಾಡಿದ್ದ ವೆಚ್ಚ 20,000 ರೂಪಾಯಿ. ಅದರಲ್ಲಿ ಅರ್ಧ ಸಹಾಯಧನ, ಉಳಿದರ್ಧ ಸಾಲ. ಸಾಲದ ವಸೂಲಿ ಎಂದೂ ಸರಿಯಾಗಿ ಆಗಲಿಲ್ಲ. ಪಂಚಾಯಿತಿ ಕಾರ್ಯದರ್ಶಿ ಒತ್ತಾಯಿಸಲಾರ, ಫಲಾನುಭವಿ ಕಟ್ಟಲಾರ. ಕೊನೆಗೆ ಸರ್ಕಾರವೇ ಆ ಸಾಲಗಳನ್ನು ಮನ್ನಾ ಮಾಡಬೇಕಾಯಿತು. ತೀರಾ ಬಡವರ ಮನೆಗೆ ಸಾಲದ ಭಾಗ ಹಚ್ಚಿದರೆ ಅದು ಪುಸ್ತಕದಲ್ಲಿ ಮಾತ್ರ ಸಾಲವಾಗಿ ಉಳಿಯುತ್ತದೆ ಎಂಬ ಪಾಠಕ್ಕೆ ರಾಜ್ಯ ತೆತ್ತ ಶುಲ್ಕ ಸಣ್ಣದಲ್ಲ.

ನಿಗಮ ಬಂದ ಮೇಲೆ

2000ದ ಏಪ್ರಿಲ್ 20ರಂದು ಕಂಪನಿ ಕಾಯ್ದೆಯಡಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನೋಂದಣಿಯಾಯಿತು. ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲ. ಅಲ್ಲಿಯವರೆಗೆ ಬೇರೆಬೇರೆ ಕಡೆ ಹಂಚಿಹೋಗಿದ್ದ ಬಡವರ ವಸತಿ ಯೋಜನೆಗಳನ್ನು ಒಂದೇ ಸೂರಿನಡಿ ತರುವುದು, ಹುಡ್ಕೋದಂಥ ಸಂಸ್ಥೆಗಳಿಂದ ಸಾಲ ತರುವುದು, ಪಂಚಾಯಿತಿಗೆ ಹಣ ಬಿಡುಗಡೆ ಮಾಡುವುದು ಅದರ ಕೆಲಸವಾಯಿತು. ಹೆಸರಿನಲ್ಲಿ ಗ್ರಾಮೀಣ ಎಂದಿದ್ದರೂ ಪಟ್ಟಣಗಳ ಯೋಜನೆಗಳೂ ಅದರ ಹೆಗಲಿಗೇ ಬಂದವು. ನಿಗಮ ತಾನೇ ಗಾರೆ ಕಲಸುವುದಿಲ್ಲ. ಮನೆ ಕಟ್ಟಿಕೊಳ್ಳುವುದು ಫಲಾನುಭವಿ, ನಿಗಾ ಇಡುವುದು ಪಂಚಾಯಿತಿ, ಹಣ ಕೊಡುವುದು ನಿಗಮ.

ಈ ಏರ್ಪಾಡಿನಲ್ಲಿ ಸೋರಿಕೆಗೆ ಬೇಕಾದಷ್ಟು ಜಾಗವಿತ್ತು. ಇಲ್ಲದ ಮನೆಗೆ ಬಿಲ್ಲು, ಹಳೆ ಮನೆಗೆ ಸುಣ್ಣ ಬಳಿದು ಹೊಸ ಮನೆಯ ಬಿಲ್ಲು, ಒಂದೇ ಕುಟುಂಬಕ್ಕೆ ಎರಡು ಯೋಜನೆಯಲ್ಲಿ ಮನೆ. ನಿಗಮ ಇದಕ್ಕೆ ಕಂಡುಕೊಂಡ ಪರಿಹಾರ ಅದರ 25 ವರ್ಷಗಳ ಮುಖ್ಯ ಸಾಧನೆಗಳಲ್ಲಿ ಒಂದು. ಮನೆಯ ಪ್ರತಿ ಹಂತಕ್ಕೂ, ಎಂದರೆ ತಳಪಾಯ, ಗೋಡೆ, ಛಾವಣಿ ಮತ್ತು ಪೂರ್ಣಗೊಂಡ ಮನೆಗೆ, ಜಿಪಿಎಸ್ ಗುರುತಿನ ಫೋಟೊ ತೆಗೆದು ತಂತ್ರಾಂಶಕ್ಕೆ ಏರಿಸಬೇಕು. ಆ ಹಂತದ ಕಂತು ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರ ಬರುತ್ತದೆ. ಹಣ ಪಂಚಾಯಿತಿಯ ಮೇಜಿನ ಮೇಲೆ ನಿಲ್ಲದೆ ಹೋಗುವಂತಾದದ್ದು ದೊಡ್ಡ ಬದಲಾವಣೆ. ಆಯ್ಕೆಯ ಅಧಿಕಾರ ಕಾನೂನಿನ ಮಟ್ಟಿಗೆ ಗ್ರಾಮಸಭೆಗೆ ಬಂತು. ಆದರೂ ಗುರಿ ಹಂಚಿಕೆ ಕ್ಷೇತ್ರವಾರು ಆಗುತ್ತಿರುವವರೆಗೆ ಶಾಸಕರ ಮಾತಿಗೆ ಇರುವ ತೂಕ ಕಡಿಮೆಯಾಗುವುದಿಲ್ಲ ಎಂಬುದು ಯಾವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಗೊತ್ತಿರುವ ಸಂಗತಿ.

ಸರ್ಕಾರ ಬದಲಾದಂತೆ ಯೋಜನೆಗಳ ಹೆಸರೂ ಬದಲಾದವು. ಆಶ್ರಯದ ಜಾಗಕ್ಕೆ ಹಳ್ಳಿಯಲ್ಲಿ ಬಸವ ವಸತಿ ಬಂತು, ಪಟ್ಟಣದಲ್ಲಿ ವಾಜಪೇಯಿ ನಗರ ವಸತಿ ಬಂತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಂಬೇಡ್ಕರ್ ನಿವಾಸ ಯೋಜನೆ ಬಂತು. ದೇವರಾಜ ಅರಸು ಹೆಸರಿನ ಯೋಜನೆ ವಿಧವೆಯರು, ಅಂಗವಿಕಲರು, ಅಲೆಮಾರಿಗಳು, ಕುಷ್ಠದಿಂದ ಗುಣಮುಖರಾದವರು, ಮಾಜಿ ದೇವದಾಸಿಯರು, ಲಿಂಗತ್ವ ಅಲ್ಪಸಂಖ್ಯಾತರಂಥ ವಿಶೇಷ ವರ್ಗಗಳಿಗೆ ಮೀಸಲಾಯಿತು. ಸಾಲು ಹಿಡಿದು ನಿಲ್ಲಲೂ ಆಗದವರನ್ನು ಗ್ರಾಮಸಭೆ ಮರೆಯುತ್ತದೆ ಎಂದು ಒಪ್ಪಿಕೊಂಡು ಅವರಿಗೆ ಬೇರೆ ಬಾಗಿಲು ತೆರೆದದ್ದು ಈ ಯೋಜನೆಯ ಹೆಚ್ಚುಗಾರಿಕೆ. 2016ರ ನವೆಂಬರ್‌ನಲ್ಲಿ ಇಂದಿರಾ ಆವಾಸ್ ಪ್ರಧಾನ ಮಂತ್ರಿ ಆವಾಸ್ ಯೋಜನೆಯಾಗಿ ಹೊಸ ರೂಪ ಪಡೆಯಿತು. ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ ನೆರವು, ಕನಿಷ್ಠ 25 ಚದರ ಮೀಟರ್ ಮನೆ, ಜೊತೆಗೆ ನರೇಗಾದಿಂದ ಸುಮಾರು 90 ದಿನಗಳ ಕೂಲಿ.

ಕಟ್ಟುವ ಕಷ್ಟ

ಈ ನೆರವಿನಲ್ಲಿ ಮನೆ ಪೂರ್ತಿಯಾಗುವುದಿಲ್ಲ ಎಂಬುದು ಮೇಸ್ತ್ರಿಗೂ ಗೊತ್ತು, ಅಧಿಕಾರಿಗೂ ಗೊತ್ತು. ಸಿಮೆಂಟು, ಕಬ್ಬಿಣ, ಮರಳಿನ ದರ ಏರಿದಷ್ಟು ಬೇಗ ಸರ್ಕಾರಿ ಆದೇಶದ ಮೊತ್ತ ಏರುವುದಿಲ್ಲ. ರಾಜ್ಯದ ಯೋಜನೆಗಳಲ್ಲಿ ಮೊದಲ ಕಂತು ಬರುವುದು ತಳಪಾಯ ಹಾಕಿದ ಮೇಲೆ, ತಳಪಾಯ ಹಾಕುವ ಹಣ ಸ್ವಂತದ್ದೇ ಆಗಬೇಕು. ಅದಕ್ಕಾಗಿ ಸಂಘದ ಸಾಲ, ಕೈಸಾಲ, ಇದ್ದ ಚೂರು ಬಂಗಾರದ ಅಡವು. ಹಣ ಬಿಡುಗಡೆ ನಿಧಾನವಾದಾಗ ಲಿಂಟಲ್‌ವರೆಗೆ ಎದ್ದು ನಿಂತ ಗೋಡೆಗಳು ಎರಡು ಮೂರು ಮಳೆಗಾಲ ಹಾಗೆಯೇ ನೆನೆಯುತ್ತವೆ. ಹಳೆಯ ಗುಡಿಸಲನ್ನು ಕಿತ್ತು ಅದೇ ಜಾಗದಲ್ಲಿ ಕಟ್ಟುತ್ತಿರುವವರು ಅಷ್ಟು ದಿನ ಶೆಡ್ಡಿನಲ್ಲಿ ಇರಬೇಕು.

ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮನೆ ಕಟ್ಟುವ ಜ್ಞಾನ ರಾಜ್ಯದಲ್ಲಿ ಇರಲಿಲ್ಲವೆಂದಲ್ಲ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಕೇರಳದ ಕೊಲ್ಲಂನಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರದ ಮಾದರಿ ನಮ್ಮ ಜಿಲ್ಲೆಗಳಿಗೂ ಬಂತು. ಇಂಥ ಇಟ್ಟಿಗೆಯ ಮನೆಗಳು ಬೆಂಗಳೂರಿನ ಅನುಕೂಲಸ್ಥರ ಬಡಾವಣೆಗಳಲ್ಲಿ ಮೆಚ್ಚುಗೆ ಪಡೆದವು. ಆಶ್ರಯದ ಫಲಾನುಭವಿ ಮಾತ್ರ ಸಿಮೆಂಟ್ ಬ್ಲಾಕ್ ಮತ್ತು ಆರ್‌ಸಿಸಿ ಛಾವಣಿಯನ್ನೇ ಬಯಸಿದ. ಮಣ್ಣಿನ ಗೋಡೆಯಿಂದ ತಪ್ಪಿಸಿಕೊಳ್ಳಲೆಂದೇ ಸರ್ಕಾರಿ ಮನೆ ಕೇಳಿದವನಿಗೆ ಮತ್ತೆ ಮಣ್ಣನ್ನೇ ತೋರಿಸಿದರೆ ಅವನು ಅನುಮಾನಿಸುವುದು ಸಹಜ.

ಸದ್ದಿಲ್ಲದೆ ಆದ ದೊಡ್ಡ ಬದಲಾವಣೆ ಹೆಣ್ಣುಮಕ್ಕಳ ಹೆಸರಿನದು. ಮನೆಯನ್ನು ಮಹಿಳೆಯ ಹೆಸರಿಗೆ, ಇಲ್ಲವೆ ಜಂಟಿಯಾಗಿ ಮಂಜೂರು ಮಾಡುವುದು ಯೋಜನೆಗಳ ನಿಯಮವಾಯಿತು. ಹೊಲದ ಪಹಣಿಯಲ್ಲಿ ಎಂದೂ ಹೆಸರು ಕಾಣದಿದ್ದ ಲಕ್ಷಾಂತರ ಹೆಂಗಸರು ಪಂಚಾಯಿತಿಯ ಮನೆ ಖಾತೆಯಲ್ಲಿ ಒಡತಿಯರಾದರು. ಕುಡುಕ ಗಂಡ ಮನೆಯನ್ನು ಮಾರಿ ಬರುವಂತಿಲ್ಲ ಎಂಬ ಧೈರ್ಯದ ಬೆಲೆ ವಾರ್ಷಿಕ ವರದಿಯ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ.

ಆಸರೆಯ ಪಾಠ

ಸರ್ಕಾರವೇ ನೆಲ ಕೊಂಡು, ಮನೆ ಕಟ್ಟಿ, ಬೀಗದ ಕೈ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2009ರ ನೆರೆಯ ನಂತರದ ಆಸರೆ ಯೋಜನೆ ಸಾಕ್ಷಿ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಕೃಷ್ಣಾ, ಮಲಪ್ರಭಾ, ತುಂಗಭದ್ರಾ ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಕುಸಿದವು. ಊರುಗಳನ್ನೇ ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಸರ್ಕಾರ ನಿರ್ಧರಿಸಿತು. ಉದ್ಯಮಗಳು, ಮಠಗಳು, ಸಂಘಸಂಸ್ಥೆಗಳು ಕೈಜೋಡಿಸಿದವು. ಸಾವಿರಾರು ಮನೆಗಳು ಎದ್ದವು.

ಅವುಗಳಲ್ಲಿ ಬಹಳಷ್ಟು ಮನೆಗಳಿಗೆ ಜನ ಹೋಗಲಿಲ್ಲ, ಹೋದವರಲ್ಲಿ ಹಲವರು ಹಿಂದಿರುಗಿದರು. ಸರ್ಕಾರ ಕಟ್ಟಿಸಿದ್ದು ಒಂದು ಕೋಣೆ, ಒಂದು ಅಡುಗೆಮನೆಯ ವಾಸದ ಘಟಕ. ರೈತನ ಮನೆಯಲ್ಲಿ ಎತ್ತಿಗೆ ಜಾಗ ಬೇಕು, ಹೊಟ್ಟು ಮೇವಿಗೆ ಬಣವಿ ಬೇಕು, ಜೋಳದ ಚೀಲಕ್ಕೆ ಮೂಲೆ ಬೇಕು, ಕೂಡಿ ಬಾಳುವ ಅಣ್ಣತಮ್ಮಂದಿರಿಗೆ ಪಡಸಾಲೆ ಬೇಕು. ಹೊಲ ಹಳೆ ಊರಿನ ಮಗ್ಗುಲಲ್ಲೇ ಉಳಿದಿತ್ತು. ಕುಡಿಯುವ ನೀರು, ರಸ್ತೆ, ಶಾಲೆ ಹೊಸ ಊರಿಗೆ ತಡವಾಗಿ ಬಂದವು. 2019ರಲ್ಲಿ ಮತ್ತೆ ನೆರೆ ಬಂದಾಗ ಸರ್ಕಾರ ದಾರಿ ಬದಲಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ನೆರವು ಘೋಷಿಸಿ ಕಟ್ಟಿಕೊಳ್ಳುವ ಕೆಲಸವನ್ನು ಕುಟುಂಬಕ್ಕೇ ಬಿಟ್ಟಿತು. ಮನೆಯಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ, ಆ ಜಾಗವನ್ನು ದುಡಿಮೆ ನಿರ್ಧರಿಸುತ್ತದೆ ಎಂದು ಒಪ್ಪಿಕೊಳ್ಳಲು ಒಂದು ದಶಕ ಬೇಕಾಯಿತು.

ನಿರ್ಮೂಲನೆಯಿಂದ ಅಭಿವೃದ್ಧಿಗೆ

ನಗರದಲ್ಲಿ ಇದೇ ಪಾಠವನ್ನು ಕೊಳಗೇರಿ ಮಂಡಳಿ ಇನ್ನೊಂದು ಬಗೆಯಲ್ಲಿ ಕಲಿಯಿತು. ಆರಂಭದ ದಶಕಗಳಲ್ಲಿ ಎಬ್ಬಿಸು, ಬೇರೆಡೆ ಕೂರಿಸು ಎಂಬ ಧೋರಣೆ ಇತ್ತು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ, ಮಾರುಕಟ್ಟೆಯ ಹಮಾಲಿಗೆ ಊರಾಚೆಯ ಮನೆ ಎಂದರೆ ಎರಡು ಬಸ್ಸು, ತಪ್ಪಿದ ಕೂಲಿ. ಹಾಗಾಗಿ ಸಿಕ್ಕ ಮನೆಯನ್ನು ಬಾಡಿಗೆಗೆ ಕೊಟ್ಟು ಹಳೆ ಜಾಗದ ಹತ್ತಿರವೇ ಮತ್ತೊಂದು ಗುಡಿಸಲು ಹಾಕಿದವರಿದ್ದಾರೆ. ಇದನ್ನು ಫಲಾನುಭವಿಗಳ ದುರಾಸೆ ಎಂದು ಬರೆದ ವರದಿಗಳು ಬಸ್ಸಿನ ಚಾರ್ಜನ್ನು ಲೆಕ್ಕ ಹಾಕಿರಲಿಲ್ಲ. ಇದ್ದಲ್ಲೇ ಮನೆ ಕಟ್ಟಿಕೊಡುವ ವಿಚಾರ ನಿಧಾನವಾಗಿ ಮುಂದೆ ಬಂತು, ಮಂಡಳಿಯ ಹೆಸರಿನಲ್ಲಿದ್ದ ನಿರ್ಮೂಲನೆ ಹೋಗಿ ಅಭಿವೃದ್ಧಿ ಬಂತು. 2001ರ ವಾಲ್ಮೀಕಿ ಅಂಬೇಡ್ಕರ್ ಆವಾಸ್, 2005ರಿಂದ ನಗರ ನವೀಕರಣ ಅಭಿಯಾನ (ನರ್ಮ್), 2015ರ ಜೂನ್‌ನಿಂದ ನಗರ ಆವಾಸ್ ಯೋಜನೆ ಹೀಗೆ ಕೇಂದ್ರದ ಹಣ ಬಂದಂತೆ ಕೆಲಸದ ಗಾತ್ರವೂ ಹಿಗ್ಗಿತು.

ಎಲ್ಲವೂ ಸರಾಗ ನಡೆಯಲಿಲ್ಲ. ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ನಗರ ಪಾಲಿಕೆ ಕಟ್ಟಿಸಿದ್ದ ಇಡಬ್ಲ್ಯೂಎಸ್ ಕ್ವಾರ್ಟರ್ಸ್ ಶಿಥಿಲವಾಗಿ ಒಂದು ಭಾಗ ಕುಸಿದ ಮೇಲೆ ನಿವಾಸಿಗಳು ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಉಳಿದಿದ್ದರು. ಖಾಸಗಿ ಸಹಭಾಗಿತ್ವದ ಯೋಜನೆಗಾಗಿ 2013ರ ಜನವರಿಯಲ್ಲಿ ಆ ಶೆಡ್ಡುಗಳನ್ನೂ ಕೆಡವಲಾಯಿತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಚಳಿಯಲ್ಲಿ ಬೀದಿಗೆ ಬಂದವು. ಬಡವರಿಗೆಂದು ಮೀಸಲಿಟ್ಟ ನೆಲಕ್ಕೆ ಬೆಲೆ ಬಂದಾಗ ಅಲ್ಲಿನ ವಾಸದ ಹಕ್ಕು ಎಷ್ಟು ತೆಳುವೆಂದು ಆ ಘಟನೆ ತೋರಿಸಿತು.

ನಗರ ಆವಾಸ್ ಯೋಜನೆಯಡಿ ಮಂಡಳಿಯ ಮನೆಗಳು ವರ್ಷಗಟ್ಟಲೆ ಅರ್ಧಕ್ಕೆ ನಿಂತದ್ದು ಬೇರೆ ಕಾರಣಕ್ಕೆ. ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ ಪಾಲು ಒಂದಿಷ್ಟು, ಮಿಕ್ಕ ಹಲವು ಲಕ್ಷ ಫಲಾನುಭವಿಯ ವಂತಿಗೆ. ಆ ವಂತಿಗೆಗೆ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರಲಿಲ್ಲ. ಕೊನೆಗೆ ಫಲಾನುಭವಿ 1 ಲಕ್ಷ ರೂಪಾಯಿ ಕೊಟ್ಟರೆ ಸಾಕು, ಉಳಿದದ್ದನ್ನು ತಾನೇ ಭರಿಸುವುದಾಗಿ ರಾಜ್ಯ ಸರ್ಕಾರ ತೀರ್ಮಾನಿಸಿತು. 2024ರ ಮಾರ್ಚ್‌ನಲ್ಲಿ 36,789 ಮನೆಗಳ ಹಂಚಿಕೆ ಆದದ್ದು ಆ ತೀರ್ಮಾನದ ಬಲದಿಂದ. ಆಶ್ರಯದ ಸಾಲ ಕಲಿಸಿದ್ದನ್ನೇ ವಂತಿಗೆ ಮತ್ತೊಮ್ಮೆ ಕಲಿಸಿತು.

ಯಾವ ಪಟ್ಟಿಯಲ್ಲೂ ಇಲ್ಲದವರು

ಎರಡು ಪಟ್ಟಿಗಳ ಆಚೆಗೂ ಜನರಿದ್ದಾರೆ. ಬಸ್ ನಿಲ್ದಾಣ, ಫ್ಲೈಓವರ್ ಅಡಿ, ಅಂಗಡಿಗಳ ಮೆಟ್ಟಿಲು ಇವರ ವಾಸ. 2011ರ ಜನಗಣತಿಯಲ್ಲಿ ಫೆಬ್ರುವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಿದಾಗ ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಮಂದಿ ಸಿಕ್ಕರು. ಒಂದೇ ರಾತ್ರಿಯ ಎಣಿಕೆಗೆ ಸಿಗದವರು ಇನ್ನೆಷ್ಟೋ.

ಇವರ ಬಗ್ಗೆ ಆಡಳಿತದ ಮೊದಲ ಕಾನೂನು ಭಿಕ್ಷಾಟನೆ ನಿಷೇಧದ್ದು: ಮೈಸೂರು ಸಂಸ್ಥಾನದ 1944ರ ಕಾಯ್ದೆ, ಆಮೇಲೆ 1975ರ ಕರ್ನಾಟಕ ಕಾಯ್ದೆ. ಆಸ್ತಿ ತೆರಿಗೆಯ ಜೊತೆ ಶೇ 3 ಭಿಕ್ಷುಕರ ಉಪಕರವನ್ನು ಇಂದಿಗೂ ಕಟ್ಟುತ್ತೇವೆ. ಆ ಹಣದಿಂದ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಜನ ತಾವಾಗಿ ಬರುವುದು ಕಡಿಮೆ, ಹಿಡಿದು ತರುವುದೇ ಹೆಚ್ಚು. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹಲವು ನಿವಾಸಿಗಳು ಸತ್ತಾಗ ಅಲ್ಲಿನ ಸ್ಥಿತಿ ಹೊರಗಿನವರಿಗೆ ಗೊತ್ತಾಯಿತು.

ಅದೇ ವರ್ಷ ಜನವರಿಯಲ್ಲಿ ದೆಹಲಿಯ ಚಳಿಯ ಸಾವುಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ ಆಹಾರ ಹಕ್ಕಿನ ಮೊಕದ್ದಮೆಯಲ್ಲೇ ವಸತಿಹೀನರ ವಿಚಾರ ಕೈಗೆತ್ತಿಕೊಂಡಿತು. ಒಂದು ಲಕ್ಷ ನಗರ ಜನಸಂಖ್ಯೆಗೆ ಇಡೀ ದಿನ, ಇಡೀ ವರ್ಷ ತೆರೆದಿರುವ ಒಂದು ಆಶ್ರಯ ಕೇಂದ್ರ ಇರಬೇಕೆಂಬ ಮಾನದಂಡ ಬಂತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಎಂದು ನಿಗದಿ ಮಾಡಿತು. ಆ ಲೆಕ್ಕದಲ್ಲಿ 2011ರಲ್ಲೇ 84 ಲಕ್ಷ ಜನರಿದ್ದ ಬೆಂಗಳೂರಿಗೆ 80ಕ್ಕೂ ಹೆಚ್ಚು ಕೇಂದ್ರಗಳು ಬೇಕು. ನಗರ ಆ ಸಂಖ್ಯೆಯ ಹತ್ತಿರಕ್ಕೂ ಬಂದಿಲ್ಲ. ಇರುವ ಕೇಂದ್ರಗಳೂ ಹೆಚ್ಚಾಗಿ ಗಂಡಸರಿಗೆ. ಮಕ್ಕಳೊಂದಿಗೆ ಬೀದಿಯಲ್ಲಿರುವ ಕುಟುಂಬ ಒಟ್ಟಾಗಿ ತಂಗುವ ಜಾಗ ಅಪರೂಪ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಯಲು ಬಂದು ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಇರುವ ಕುಟುಂಬಗಳ ಪಾಡು ಇನ್ನೂ ವಿಚಿತ್ರ. ಊರಲ್ಲಿ ಇವರ ಹೆಸರಿಗೆ ಆಶ್ರಯ ಮನೆ ಇರಬಹುದು, ಅದಕ್ಕೆ ಬೀಗ ಬಿದ್ದಿರುತ್ತದೆ. ದುಡಿಮೆ ಇರುವ ನಗರದಲ್ಲಿ ಇವರಿಗೆ ಬೇಕಾದದ್ದು ಕೈಗೆಟುಕುವ ಬಾಡಿಗೆ ಮನೆ. 2020ರಲ್ಲಿ ಕೇಂದ್ರ ಬಾಡಿಗೆ ವಸತಿ ಸಂಕೀರ್ಣದ ಯೋಜನೆ ಪ್ರಕಟಿಸಿದರೂ ಸ್ವಂತ ಮನೆಯ ಮಂಜೂರಾತಿಗೆ ಸಿಗುವ ರಾಜಕೀಯ ಉತ್ಸಾಹ ಬಾಡಿಗೆ ವಸತಿಗೆ ಸಿಕ್ಕಿಲ್ಲ. ಹಕ್ಕುಪತ್ರ ವಿತರಣೆಗೆ ಸಮಾರಂಭ ಮಾಡಬಹುದು, ಬಾಡಿಗೆ ಕರಾರಿಗೆ ವೇದಿಕೆ ಹಾಕುವವರಿಲ್ಲ.

ಹಟ್ಟಿ, ತಾಂಡಾಗಳ ಹಕ್ಕುಪತ್ರ

ಈಚಿನ ವರ್ಷಗಳ ಮುಖ್ಯ ಬೆಳವಣಿಗೆ ವಸತಿ ಇಲಾಖೆಯ ಹೊರಗೆ ನಡೆಯಿತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪುಗಳಲ್ಲಿ ತಲೆಮಾರುಗಳಿಂದ ಜನ ವಾಸವಿದ್ದರೂ ಕಂದಾಯ ದಾಖಲೆಯಲ್ಲಿ ಆ ಜಾಗ ಇನ್ಯಾರದೋ ಜಮೀನು. ಊರಿಗೆ ಊರೇ ಕಾಗದದಲ್ಲಿ ಇರಲಿಲ್ಲ. ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಿ ಇಂಥ ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ಮನೆಯಡಿಯ ಜಾಗದ ಒಡೆತನ ಕೊಡಲು ಅವಕಾಶ ಮಾಡಲಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿ ಹಕ್ಕುಪತ್ರ ವಿತರಿಸಿದರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಬೇರೆ ಪಕ್ಷದ ರಾಜ್ಯ ಸರ್ಕಾರ 1 ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ ಮತ್ತು 94ಸಿಸಿ ಕಲಂಗಳು ಇದೇ ದಾರಿ ತೆರೆದಿವೆ. 1974ರ 38ನೇ ಕಲಮಿನ ವಿಚಾರ ನಾಲ್ಕು ದಶಕದ ನಂತರ ಪಕ್ಷಭೇದವಿಲ್ಲದೆ ಮರಳಿ ಬಂದಿದೆ.

ಹಕ್ಕುಪತ್ರ ಸಿಕ್ಕ ಕುಟುಂಬ ವಸತಿ ಯೋಜನೆಗೆ ಅರ್ಜಿ ಹಾಕಬಲ್ಲದು, ಇ-ಸ್ವತ್ತು ದಾಖಲೆ ಪಡೆಯಬಲ್ಲದು, ಬ್ಯಾಂಕಿನ ಮೆಟ್ಟಿಲು ಹತ್ತಬಲ್ಲದು. ನಿವೇಶನರಹಿತರ ಪಟ್ಟಿಯಿಂದ ವಸತಿರಹಿತರ ಪಟ್ಟಿಗೆ ದಾಟಿಸುವ ಕೆಲಸ ಇದು. ನಿಗಮದ ಹಣ ಅಲ್ಲಿಂದ ಮುಂದಕ್ಕಷ್ಟೇ ಕೆಲಸ ಮಾಡಬಲ್ಲದು.

ಸಂಸ್ಥೆಗಳ ರಚನೆಯಲ್ಲೇ ಉಳಿದುಹೋದ ಒಂದು ಬಿರುಕು ಇಲ್ಲಿದೆ. ಮನೆ ಕಟ್ಟಿಸಲು ಹಣ ಮತ್ತು ವಾರ್ಷಿಕ ಗುರಿ ಇರುವುದು ವಸತಿ ಇಲಾಖೆಗೆ, ನೆಲವಿರುವುದು ಕಂದಾಯ ಇಲಾಖೆಯ ಕೈಯಲ್ಲಿ. ನಿಗಮದ ವ್ಯವಸ್ಥಾಪಕ ನಿರ್ದೇಶಕರು ಇಷ್ಟು ಮನೆ ಏಕೆ ಮುಗಿಯಲಿಲ್ಲ ಎಂದು ಪಿಡಿಒಗಳನ್ನು ಪ್ರತಿ ಪರಿಶೀಲನಾ ಸಭೆಯಲ್ಲೂ ಕೇಳುತ್ತಾರೆ. ಇಷ್ಟು ನಿವೇಶನ ಏಕೆ ಹಂಚಲಿಲ್ಲ ಎಂದು ತಹಸೀಲ್ದಾರರನ್ನು ಅಷ್ಟೇ ಗಟ್ಟಿಯಾಗಿ ಕೇಳುವವರಿಲ್ಲ. ತಹಸೀಲ್ದಾರರಿಗೂ ಸುಲಭವಿಲ್ಲ. 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕೆಂಬ ನಿಯಮವಿದೆ, ಒತ್ತುವರಿ ಇದೆ, ಅರಣ್ಯದ ತಕರಾರಿದೆ, ಖಾಸಗಿ ಜಮೀನು ಕೊಳ್ಳಲು ಹೊರಟರೆ ಸರ್ಕಾರಿ ದರಕ್ಕೆ ಮಾರುವವರಿಲ್ಲ. ಹೀಗಾಗಿ ನೆಲದ ಕಡತ ನಿಧಾನ, ಮನೆಯ ಕಡತ ವೇಗ. ಆ ವೇಗದ ಲಾಭ ಮೊದಲೇ ಜಾಗವಿದ್ದವರಿಗೆ ಸಿಗುತ್ತದೆ.

ಕಾಲು ಶತಮಾನದಲ್ಲಿ ನಿಗಮ ಹಣವನ್ನು ಬಡವರ ಖಾತೆಗೆ ಸೋರದಂತೆ ಮುಟ್ಟಿಸುವುದನ್ನು ಕಲಿತಿದೆ. ಅರ್ಧ ಶತಮಾನದಲ್ಲಿ ಮಂಡಳಿ ಕೊಳಗೇರಿಯನ್ನು ಕೆಡವುವ ಬದಲು ಅಲ್ಲೇ ಕಟ್ಟುವುದನ್ನು ಕಲಿತಿದೆ. ಎರಡೂ ಕಷ್ಟಪಟ್ಟು ಕಲಿತ ವಿದ್ಯೆಗಳು. ಇನ್ನು ಮುಂದಿನದು ನೆಲದ ಕೆಲಸ. ಪ್ರತಿ ತಾಲ್ಲೂಕಿಗೆ ಮನೆಯ ಗುರಿಯಂತೆ ನಿವೇಶನದ ಗುರಿಯೂ ಇರಬೇಕು. ಜಮೀನು ಖರೀದಿಗೆ ವಸತಿ ಆಯವ್ಯಯದಲ್ಲೇ ಹಣವಿರಬೇಕು. ನಗರದಲ್ಲಿ ಬಾಡಿಗೆ ವಸತಿಗೂ ಆಶ್ರಯ ಕೇಂದ್ರಕ್ಕೂ ಪಾಲಿಕೆಯ ನಕ್ಷೆಯಲ್ಲಿ ಜಾಗ ಗುರುತಾಗಬೇಕು. ಜಿಲ್ಲಾಧಿಕಾರಿಯ ತಿಂಗಳ ಸಭೆಯಲ್ಲಿ ಪೂರ್ಣಗೊಂಡ ಮನೆಗಳ ಅಂಕಿಯನ್ನು ಕೇಳುವ ಮೊದಲು ನಿವೇಶನರಹಿತರ ಪಟ್ಟಿಯಿಂದ ಎಷ್ಟು ಹೆಸರು ಕಡಿಮೆಯಾಯಿತು ಎಂದು ಕೇಳುವ ಪದ್ಧತಿ ಬಂದರೆ, ಉಳಿದ ಲೆಕ್ಕಗಳು ತಾವಾಗಿ ಸರಿದಾರಿಗೆ ಬರುತ್ತವೆ.